ಎದುರಿಗೆ ಕೊರೆದ ಅಕ್ಷರಗಳು

ಭಾನುವಾರ ಊಟದ ಹೊತ್ತು ಮೀರಿದರೂ ಹಿಂದಿನ ಕೋಣೆಯಲ್ಲಿ ಉಜ್ಜುಕಾಗದದ ಕರಕರ ನಿಂತಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಗಂಡನ ಬೆನ್ನು ನೋಡುತ್ತಿದ್ದಳು. ಅವನದು ಕಟ್ಟುಹಲ್ಲು ಮಾಡುವ ಕಸುಬು. ಡಾಕ್ಟರುಗಳು ಕಳಿಸಿದ ದವಡೆಯ ಅಚ್ಚುಗಳೆಲ್ಲ ಮೇಜಿನ ಮೂಲೆ ಸೇರಿ, ಮೂರು ವಾರದಿಂದ ಅಲ್ಲಿ ಬೇರೆಯದೇ ಬೆಳೆ ಎದ್ದಿತ್ತು: ಕೀಬೋರ್ಡಿನ ಕೀಗಳಿಗೆ ಹಾಕುವ ಟೊಪ್ಪಿಗಳು. ಅವಳು ಆಸ್ಪತ್ರೆಯಿಂದ ಚೀಲದಲ್ಲಿಟ್ಟು ತಂದಿದ್ದ ಒಂದು ಟೊಪ್ಪಿಯಿಂದ ಅಚ್ಚು ತೆಗೆದು, ಕಟ್ಟುಹಲ್ಲಿಗೆ ಕಲಸುವ ಹಿಟ್ಟಿನಲ್ಲೇ ಮೂವತ್ತಾರು ಎರಕ ಹೊಯ್ದಿದ್ದ. ಬಣ್ಣ ಹೊಂದಿಸಲು ಹಲ್ಲಿನ ಬಣ್ಣದ ಪಟ್ಟಿ ಹಿಡಿದು, "ನಿಮ್ಮ ಕೀಬೋರ್ಡು ಇಪ್ಪತ್ತು ವರ್ಷ ಸಿಗರೇಟು ಸೇದಿದೋರ ಹಲ್ಲು ಕಣೇ" ಅಂದಿದ್ದ.

ಆವತ್ತು ನಗು ಬಂದಿತ್ತು. ಇವತ್ತು ಬರಲಿಲ್ಲ.

ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ನೋಂದಾಯಿಸುವ ಕೌಂಟರು ಅವಳದು. ಮೂರು ತಿಂಗಳಿಂದ ಕಣ್ಣು ಮಂಜಾಗುತ್ತ ಬಂದಿತ್ತು. ಗಂಡನಿಗೆ ಬಿಟ್ಟು ಯಾರಿಗೂ ಹೇಳದೆ ದೂರದ ಊರಿನ ಡಾಕ್ಟರಿಗೆ ತೋರಿಸಿದ್ದಳು. ಕನ್ನಡಕದಿಂದ ಆಗುವುದಲ್ಲ, ದಪ್ಪ ಕಪ್ಪು ಅಕ್ಷರ ಇನ್ನೂ ಬಹಳ ವರ್ಷ ಕಾಣುತ್ತೆ ಅಂದಿದ್ದರು. ಪರದೆಯ ಅಕ್ಷರವನ್ನೇನೋ ದೊಡ್ಡದು ಮಾಡಿಕೊಳ್ಳಬಹುದು. ಕೀಗಳನ್ನು ಏನು ಮಾಡುವುದು? ಅವಳದು ಕೀ ನೋಡಿ ಎರಡು ಬೆರಳಲ್ಲಿ ಕುಟ್ಟುವ ಟೈಪಿಂಗು. ಹೋದ ತಿಂಗಳು ಮೂರರ ಬದಲು ಎಂಟು ಒತ್ತಿ, ಮೂವತ್ತರ ಹೆಂಗಸನ್ನು ಎಂಬತ್ತರ ಅಜ್ಜಿ ಮಾಡಿದ್ದಳು. ಪಕ್ಕದ ಕೌಂಟರಿನವನು ಅದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದ. ಅವಳಿಗೆ ಎರಡು ದಿನ ಅನ್ನ ಇಳಿದಿರಲಿಲ್ಲ.

ನಾಳೆ ಆಸ್ಪತ್ರೆಯ ಹೊಸ ಅಧಿಕಾರಿ ಮೇಡಂ ಒಂದೊಂದೇ ಕೌಂಟರಿನ ಕೆಲಸ ನೋಡಲು ಬರುವವರಿದ್ದರು. ಸರಿಬರದವರಿಗೆ ನೆಲಮಾಳಿಗೆಯ ಕಡತದ ಕೋಣೆ. ಆ ಮಂಕುದೀಪದ ಕೆಳಗೆ ತನ್ನ ಬಣ್ಣ ಬಯಲಾಗಲು ಒಂದು ವಾರ ಸಾಕು, ಆಮೇಲೆ ಮನೆಯೇ ಗತಿ.

ಗಂಡ ಒಂದು ಟೊಪ್ಪಿ ಅವಳ ಅಂಗೈಯಲ್ಲಿಟ್ಟ. ನೆತ್ತಿಯ ತುಂಬ ಕೊರೆದು ಕಪ್ಪು ತುಂಬಿದ ಎಂಟು. ಪಾಲೀಶು ಮಾಡುವಾಗ ಕಪ್ಪು ಸುತ್ತಲೂ ಕದಡಿ ಹರಡಿತ್ತಂತೆ, ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತೆಗೆದಿದ್ದ.

"ಕಾಣತ್ತಾ?"

"ನನಗೂ ಕಾಣತ್ತೆ, ಊರಿಗೂ ಕಾಣತ್ತೆ. ಕೌಂಟರಿನ ಆ ಕಡೆ ನಿಂತೋರು 'ಇದ್ಯಾಕಮ್ಮಾ ಹೀಗೆ' ಅಂತ ಕೇಳಲ್ವಾ?"

"ಕಾಣಬೇಕು ಅಂತೀಯ, ಕಾಣಬಾರದು ಅಂತೀಯ. ನಾನೇನು ಮಾಯಗಾರನಾ?"

"ಬಿಡಿ. ಹಣೇಲಿ ಬರೆದ ಹಾಗಾಗತ್ತೆ."

ಅವನು ಸಿಟ್ಟಿನಿಂದ ಟೊಪ್ಪಿ ಕಿತ್ತುಕೊಂಡ. ಬಿಸಾಕುತ್ತಾನೇನೋ ಅಂದುಕೊಂಡಳು. ಅವನು ಅದನ್ನು ಬೆಳಕಿಗೆ ಹಿಡಿದು, ಹಲ್ಲಿನ ಸೆಟ್ಟನ್ನು ತಿರುಗಿಸಿ ನೋಡುವ ಹಾಗೆ ತಿರುಗಿಸುತ್ತ ಕೂತ.

"ಅಲ್ಲ ಕಣೇ, ಹಲ್ಲನ್ನ ಮೇಲಿಂದ ಯಾರು ನೋಡ್ತಾರೆ? ಎದುರಿಂದ ತಾನೇ?" ಟೊಪ್ಪಿಯ ಮುಂಬದಿಯ ಇಳಿಜಾರನ್ನು ಉಗುರಲ್ಲಿ ತಟ್ಟಿದ. "ಕೂತಿರೋಳ ಹೊಟ್ಟೆ ಕಡೆ ಮುಖ ಇದು. ಇಲ್ಲಿ ಕೊರೆದರೆ ನಿನಗೊಬ್ಬಳಿಗೇ."

"ನೆತ್ತಿ ಬೋಳಾದರೆ?"

"ನಿಮ್ಮಾಸ್ಪತ್ರೆಯ ಯಾವ ಕೀಬೋರ್ಡಿಗೆ ತಲೇಲಿ ಕೂದಲಿದೆ ಹೇಳು."

ಅದೂ ನಿಜವೇ. ಎಲ್ಲ ಕೌಂಟರುಗಳಲ್ಲೂ ಅಕ್ಷರ ಸವೆದು ಹೋಗಿತ್ತು. ಎಂಟರ ನೆತ್ತಿಗೆ ಹಿಟ್ಟು ಮೆತ್ತಿ ಮುಚ್ಚಿದ. ಕತ್ತಲಾಗುವುದರೊಳಗೆ ಮೂವತ್ತಾರು ಇಳಿಜಾರುಗಳಲ್ಲೂ ದಪ್ಪ ಕಪ್ಪು ಅಕ್ಷರ ಕೂತವು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಹಳೆಯ ಟೊಪ್ಪಿ ಕಿತ್ತು ಹೊಸದು ಕೂರಿಸಿದಳು. ಎರಡು ಬಿಗಿಯಾಗಿದ್ದವು. ಹೆಬ್ಬೆರಳು ಕೆಂಪಾಗುವಷ್ಟು ಒತ್ತಿದ ಮೇಲೆ ಟಕ್ಕೆಂದು ಕೂತವು. ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿಕೊಂಡರೆ ಅಕ್ಷರಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ಅವಳತ್ತಲೇ ನೋಡುತ್ತಿದ್ದವು. ಮೊದಲ ಹತ್ತು ಚೀಟಿ ಒಂದೂ ತಪ್ಪಿಲ್ಲದೆ ಹೋದವು.

ಮೇಡಂ ಕೌಂಟರಿನ ಆಚೆ ನಿಲ್ಲುತ್ತಾರೆ ಅಂತ ಅವಳು ಲೆಕ್ಕ ಹಾಕಿದ್ದಳು. ಅವರು ಒಳಗೇ ಬಂದರು.

"ಒಂದು ಚೀಟಿಗೆ ಎಷ್ಟು ಹೊತ್ತು ಬೇಕಾಗತ್ತೆ ಅಂತ ನಾನೇ ಮಾಡಿ ನೋಡ್ತೀನಿ. ಸ್ವಲ್ಪ ಏಳಿ."

ಎದ್ದಳು. ಮೇಡಂ ಕೂತರು, ಬೆರಳೆತ್ತಿದರು, ಹಾಗೇ ತಡೆದರು.

"ಇದೇನಿದು, ಅಂಗಡಿ ಬೋರ್ಡಿನ ಥರ? ಯಾರು ಮಾಡಿದ್ದು?"

"ನಮ್ಮನೆಯವರು, ಮೇಡಂ. ಅಕ್ಷರ ಅಳಿಸಿ ಹೋಗಿತ್ತು."

"ಜಾಣರು. ಆದರೆ ಇಷ್ಟು ದಪ್ಪ ಯಾಕೆ?"

ಉತ್ತರ ತಯಾರಿತ್ತು: ಬೇಗ ಸವೆಯದಿರಲಿ ಅಂತ. ನಾಲಿಗೆಯ ತುದಿಗೂ ಬಂತು. ಆದರೆ ಸಾಲಿನಲ್ಲಿ ಮೊದಲು ನಿಂತಿದ್ದ ಮುದುಕ ಕಂಡಿಯೊಳಗೆ ಕೈ ಚಾಚಿ, ತನ್ನ ಹಳೆಯ ಚೀಟಿಯನ್ನು ಮೇಡಂಗೆ ಕೊಡದೆ, ಬಂದಾಗಲೆಲ್ಲ ನೋಡುವ ಮುಖವೆಂದು ಅವಳ ಕೈಗೇ ಕೊಟ್ಟ. ಚೀಟಿ ಮಡಿಕೆ ಮಡಿಕೆಯಾಗಿ ಬೆಚ್ಚಗಿತ್ತು. ಈ ಮೂರು ತಿಂಗಳಲ್ಲಿ ಇವನದನ್ನೂ ತಪ್ಪು ಒತ್ತಿದ್ದೆನೋ ಏನೋ.

"ಸಣ್ಣದು ನನಗೆ ಕಾಣಲ್ಲ, ಮೇಡಂ," ಅಂದಳು. "ಮೂರು ತಿಂಗಳಾಯ್ತು."

ಪಕ್ಕದ ಕೌಂಟರಿನವನ ಕುಟ್ಟುವಿಕೆ ನಿಂತಿತು. ಮೇಡಂ ಒಂದು ಕೀಯ ಇಳಿಜಾರಿನ ಮೇಲೆ ಬೆರಳಿಟ್ಟರು.

"ಇದರಲ್ಲಿ ಕಾಣತ್ತಾ?"

"ಕಾಣತ್ತೆ."

"ಆ ಮೂರು ತಿಂಗಳಲ್ಲಿ ಬರೆದದ್ದು?"

ಅವಳು ಮುದುಕನ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

ಮೇಡಂ ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಸಂಜೆ ಇಬ್ಬರೂ ಕೂತು ಅಷ್ಟನ್ನೂ ನೋಡೋಣ. ಯಾರ ಜೀವಕ್ಕಾದರೂ ಕುತ್ತು ತರುವ ತಪ್ಪು ಸಿಕ್ಕರೆ ಈ ಜಾಗ ನಿಮ್ಮದಲ್ಲ, ಈಗಲೇ ಹೇಳಿರ್ತೀನಿ. ಅಲ್ಲೀವರೆಗೆ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ. ಅವರು ಹೌದು ಅಂದಮೇಲೇ ಚೀಟಿ."

ಅವಳು ಕೂತಳು. ಕೀಗಳತ್ತ ನೋಡಿದಳು, ಒತ್ತಿದಳು, ಪರದೆ ನೋಡಿದಳು.

"ವಯಸ್ಸು ಅರವತ್ತೆಂಟು."

"ಏನಂದ್ರಿ?" ಮುದುಕ ಕಿವಿಗೆ ಕೈ ಹಿಡಿದ.

ಇಡೀ ಹಜಾರಕ್ಕೆ ಕೇಳುವಂತೆ ಕೂಗಬೇಕಾಯಿತು. "ಅರವತ್ತೆಂಟು!"

ಅವನು ನಿಧಾನವಾಗಿ ಯೋಚಿಸಿದ. ಅವಳ ಬೆರಳು ಕೀಯ ಮೇಲೆ ಗಾಳಿಯಲ್ಲೇ ನಿಂತಿತ್ತು.

"ಇರಬೇಕು."

"ಇರಬೇಕು ಅಲ್ಲ ಅಜ್ಜ," ಹಿಂದಿನಿಂದ ಮೇಡಂ ಅಂದರು, "ಹೌದೋ ಅಲ್ವೋ?"

"ಹೌದು ತಾಯಿ. ಹೌದು."

ಅವಳು ಒತ್ತಿದಳು. ಯಂತ್ರ ಗುರ್ ಅಂದು ಚೀಟಿ ಹೊರಗೆ ಬಿಟ್ಟಿತು. ಅಷ್ಟರಲ್ಲೇ ಮುಂದಿನವರ ಚೀಟಿ ಕಂಡಿಯೊಳಗೆ ಬಂದಿತ್ತು.