ಹಾಲಸ್ವಾಮಿಯ ರಾಕೆಟ್ಟು

ಬಾಲ ಬಾಗಿಲಿಗೆ ಸಿಕ್ಕಿಕೊಂಡಿತು. ಮುಂದೆ ಇಬ್ಬರು, ಹಿಂದೆ ಇಬ್ಬರು ಹಿಡಿದಿದ್ದರು. ಮುಂದಿನವರು ತಳ್ಳಿ ಅಂದರು, ಹಿಂದಿನವರು ತಡೆಯಿರಿ ಅಂದರು, ಅಷ್ಟರಲ್ಲಿ ಎಲ್ಲೋ ಕಟ್ ಎಂದಿತು. ಅಡಿಗೆಮನೆಯ ಹೊಸ್ತಿಲ ಬಳಿ ಹೆಂಗಸರ ನಡುವೆ ಕೂತಿದ್ದ ಗುರುಸಿದ್ದಮ್ಮ ಆ ಸದ್ದಿಗೆ ಅರ್ಧ ಎದ್ದು ಮತ್ತೆ ಕೂತಳು. ಗಂಡ ಸತ್ತು ಮೂರು ಗಂಟೆಯಾಗಿತ್ತು. ನೋಡಿದವರು ದುಃಖ ಎಂದುಕೊಂಡರು.

ಸಿಕ್ಕಿಕೊಂಡದ್ದು ಐದೂವರೆ ಅಡಿ ಉದ್ದದ, ಬೂದು ಬಣ್ಣದ ಅಂತರಿಕ್ಷ ನೌಕೆಯ ಮಾದರಿ. ಹಂದನಕೆರೆಯಲ್ಲಿ ಯಾರೂ ಅದನ್ನು ಹಾಗೆ ಕರೆಯುತ್ತಿರಲಿಲ್ಲ. ಹಾಲಸ್ವಾಮಿಯ ರಾಕೆಟ್ಟು ಅನ್ನುತ್ತಿದ್ದರು. ಎರಡು ಸ್ಟೂಲುಗಳ ಮೇಲೆ ಅದು ಪಡಸಾಲೆಯ ಗೋಡೆಗೆ ಒತ್ತಿ ನಿಂತು ನಾಲ್ಕು ವರ್ಷವಾಗಿತ್ತು. ಈಗ ಅದೇ ಗೋಡೆಗೆ ಒರಗಿಸಿ ಹಾಲಸ್ವಾಮಿಯನ್ನು ಕೂರಿಸಬೇಕಿತ್ತು. ಅವರ ಪೈಕಿಯಲ್ಲಿ ಹೆಣವನ್ನು ಮಲಗಿಸಿ ಕಳಿಸುವುದಿಲ್ಲ. ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ಕಾಲು ಮಡಿಸಿ ಕೂರಿಸುತ್ತಾರೆ; ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಮೈ ಸೆಟೆದುಕೊಂಡರೆ ಕಾಲು ಮಡಿಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಹಿತ್ತಲಲ್ಲಿ ಹಲ್ಲುಜ್ಜುತ್ತಾ ಕುಸಿದವನು ಒಂಬತ್ತಾದರೂ ಜಗಲಿಯ ಚಾಪೆಯ ಮೇಲೆಯೇ ಇದ್ದ. ಕ್ರಿಯೆ ಮಾಡಿಸಲು ಬಂದ ಅಯ್ನೋರು ಕಿಟಕಿಯಿಂದ ಎರಡು ಸಲ ಇಣುಕಿ, ಹೊತ್ತಾಯಿತು ಎಂದು ಹೇಳಿ ಹೋಗಿದ್ದರು.

ಅಣ್ಣ ಬಸವರಾಜಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನು. ಬಂದಾಗಿನಿಂದ ತಮ್ಮನ ಮುಖವನ್ನು ಒಂದು ಸಲ, ರಾಕೆಟ್ಟನ್ನು ಹತ್ತು ಸಲ ನೋಡಿದ್ದ. ಜಗಲಿಯ ಮೇಲೆಯೇ ಕೂರಿಸಿದರಾಯಿತು ಎಂದು ಯಾರೋ ಅಂದದ್ದಕ್ಕೆ, ನಮ್ಮ ಮನೆತನದಲ್ಲಿ ಯಾರನ್ನೂ ಬೀದಿಯಲ್ಲಿ ಕೂರಿಸಿಲ್ಲ ಎಂದು ಗದರಿಕೊಂಡಿದ್ದ. ಬದುಕಿದ್ದಾಗ ಆ ತಮ್ಮನಿಗೆ ಮಂಡಿಯಲ್ಲಿ ಕುರ್ಚಿ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ.

“ಬಾಗ್ಲು ದಾಟ್ದಿದ್ದು ಆಕಾಶಕ್ಕೆ ಎಂಗ್ಲಾ ಹೋದಾತು?” ಅಂದ ದಾಯಾದಿ ದೊಡ್ಡಣ್ಣ. ನಾಲ್ಕು ಜನ ನಕ್ಕರು. ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು.

ಆಮೇಲೆ ಮಾತು ಬೆಳೆಯಿತು. ಹಾಲಸ್ವಾಮಿ ತೋಟ ಬೇಡ ಅಂದದ್ದು, ಮಂಡಿಯೂ ಬೇಡ ಅಂದದ್ದು, ಚಿಕ್ಕನಾಯಕನಹಳ್ಳಿಯ ಕೊರಿಯರ್ ಆಫೀಸಿನಲ್ಲಿ ಊರವರ ಪಾರ್ಸಲ್ ಹಂಚುತ್ತಾ ಬದುಕು ಕಳೆದದ್ದು, ಐವತ್ತು ದಾಟಿದ ಮೇಲೆ ಆಟದ ಸಾಮಾನು ಕಟ್ಟಲು ಕೂತದ್ದು, ಎಲ್ಲವನ್ನೂ ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಅವನು ಯಾರ ಪಾರ್ಸಲನ್ನಾದರೂ ಕಳೆದದ್ದುಂಟೇ, ಯಾರ ಮುಂದಾದರೂ ದನಿ ಏರಿಸಿದ್ದುಂಟೇ ಎಂದು ಯಾರೂ ಕೇಳಲಿಲ್ಲ. ಅಂಥ ಮಾತಿಗೆ ಜನ ನಗುವುದಿಲ್ಲವಲ್ಲ.

ರಾಕೆಟ್ಟು ಬಾಗಿಲವರೆಗೆ ಬಂದದ್ದು ಮಗಳು ಇಂಪನಾಳ ಮಾತಿನಿಂದ. ತುರುವೇಕೆರೆಯಲ್ಲಿ ಟೀಚರ್ ಆಗಿರುವ ಅವಳು ಎಂಟಕ್ಕೆ ಬಂದು, ಅಪ್ಪನ ಕಾಲು ಹಿಡಿದು ಅತ್ತು, ಒಳಗೆ ಮುರಿಯುವ ಮಾತು ಕೇಳಿ ಎದ್ದು ಬಂದಿದ್ದಳು.

“ಅದನ್ನ ಮುರೀಬೇಡಿ ದೊಡ್ಡಪ್ಪ. ಅಪ್ಪನ ಜೊತೇಲೇ ಕಳ್ಸಣ. ಅವ್ರಿಗೆ ಅಂತ ಇದ್ದಿದ್ದು ಅದೊಂದೇ.”

ಬಸವರಾಜಪ್ಪನಿಗೆ ಅದು ಅನುಕೂಲವಾಗಿಯೇ ಕಂಡಿತು. ತೋಟಕ್ಕೆ ಹೇಳಿ ಕಳಿಸಿ ಗುಂಡಿಯನ್ನು ಒಂದು ಮೊಳ ಹೆಚ್ಚು ಅಗಲ ತೆಗೆಸಿದ. “ಇವನ ಆಟ ಇವನ ಜೊತೆಗೇ ಮುಚ್ಚೋಗ್ಲಿ ಬುಡು” ಅಂದ.

ಆ ರಾಕೆಟ್ಟು ಹಾಲಸ್ವಾಮಿಯದಾಗಿರಲಿಲ್ಲ. ಅದರ ಒಂದೊಂದು ತುಂಡನ್ನೂ ತಿದ್ದಿ, ತೀಡಿ, ಜೋಡಿಸಿದವಳು ಗುರುಸಿದ್ದಮ್ಮ. ಅದು ಗೊತ್ತಿದ್ದವರು ಮೂವರು. ಒಬ್ಬ ಚಾಪೆಯ ಮೇಲಿದ್ದ. ಒಬ್ಬಳು ಬಾಯಿಗೆ ಸೆರಗು ಒತ್ತಿ ಕೂತಿದ್ದಳು. ಇನ್ನೊಬ್ಬಳು ಕಾಯಿ ಸುಲಿಯುವ ಕೆಲಸಕ್ಕೆ ಬರುವ ಭೈರಮ್ಮ. ಅವಳು ಬಚ್ಚಲಿಗೆ ನೀರು ಹೊರುತ್ತಾ, ಪ್ರತಿ ಸಲ ದಾಟುವಾಗಲೂ ಗುರುಸಿದ್ದಮ್ಮನ ಮುಖ ನೋಡಿ ಹೋಗುತ್ತಿದ್ದಳು.

*

ಆರು ವರ್ಷದ ಹಿಂದೆ ಕೊರಿಯರ್ ಆಫೀಸಿಗೆ ಹೊರದೇಶದಿಂದ ದೊಡ್ಡ ಪೆಟ್ಟಿಗೆಯೊಂದು ಬಂದಿತ್ತು. ತರಿಸಿದವನು ಊರು ಬಿಟ್ಟಿದ್ದ, ಕಳಿಸಿದವರು ವಾಪಸು ಬೇಡ ಅಂದರು. ವರ್ಷ ಕಾದು, ಮೇಲಿನವರು ಎಸೆದುಬಿಡಿ ಎಂದಾಗ ಹಾಲಸ್ವಾಮಿ ಅದನ್ನು ಮನೆಗೆ ತಂದ. ಪೆಟ್ಟಿಗೆ ಗಟ್ಟಿಯಾಗಿದೆ, ಹುಣಸೆಹಣ್ಣು ತುಂಬಲು ಆಗುತ್ತದೆ ಎಂಬುದು ಅವನ ಲೆಕ್ಕ.

ಗುರುಸಿದ್ದಮ್ಮ ಒಳಗಿನದನ್ನು ಜಮಖಾನದ ಮೇಲೆ ಸುರಿದಳು. ಬೂದು ಬಣ್ಣದ ಇನ್ನೂರಕ್ಕೂ ಹೆಚ್ಚು ತುಂಡುಗಳು. ಅಂಚಿಗೆಲ್ಲ ಅಚ್ಚಿನಿಂದ ಉಳಿದ ಗಂಟು, ಸಿಬಿರು. ಪೆಟ್ಟಿಗೆಯ ಮೇಲೆ ನಕ್ಷತ್ರಗಳ ನಡುವೆ ಹೋಗುವ ಹಡಗಿನ ಚಿತ್ರ, ತುಂಡು ಜೋಡಿಸಿದರೆ ಆಗುವಂಥದು. ಯಾವುದೋ ಸಿನಿಮಾದ್ದಿರಬೇಕು, ಇಬ್ಬರೂ ನೋಡಿದ್ದಲ್ಲ. ಕೊಬ್ಬರಿ ಕೆತ್ತುವ ಬ್ಲೇಡು ಕೈಯಲ್ಲೇ ಇತ್ತು. ಸುಮ್ಮನೆ ಒಂದು ಗಂಟಿಗೆ ಕೊಟ್ಟಳು. ಚೆನ್ನಾಗಿ ಒಣಗಿದ ಕೊಬ್ಬರಿಯ ಹಾಗೆ ಸುರುಳಿಯಾಗಿ ಬಿತ್ತು.

ಮದುವೆ, ಸೀಮಂತ ಅಂದರೆ ಸುತ್ತಿನವರು ಕೊಬ್ಬರಿ ಗಿಟುಕು ತಂದು ಅವಳ ಮುಂದೆ ಇಡುತ್ತಿದ್ದರು. ಅವಳು ಅದರಲ್ಲಿ ಹಂಸ ಕೆತ್ತುತ್ತಿದ್ದಳು, ತಾವರೆ, ಮಾವಿನಕಾಯಿ ಬಳ್ಳಿ ಕೆತ್ತುತ್ತಿದ್ದಳು. ತಟ್ಟೆ ಬೀಗರ ಮನೆಗೆ ಹೋಗುತ್ತಿತ್ತು. ಮೂರು ದಿನ ಕೂತು ಕೆತ್ತಿದ ಹಂಸ ತಿಂಗಳೊಳಗೆ ಯಾರ ಮನೆಯದೋ ಚಟ್ನಿಪುಡಿಗೆ ತುರಿದುಹೋಗುತ್ತಿತ್ತು. ಮೂವತ್ತು ವರ್ಷ ಕೆತ್ತಿದ್ದಳು. ಮನೆಯಲ್ಲಿ ಒಂದೂ ಇರಲಿಲ್ಲ. ಯಾರೂ ತಿನ್ನಲಾಗದ ಒಂದು ವಸ್ತು ಅವಳ ಕೈಗೆ ಬಂದದ್ದು ಅದೇ ಮೊದಲು.

ಹಾಲಸ್ವಾಮಿ ಫೋನಿನಲ್ಲಿ ಹುಡುಕಿ, ಇದಕ್ಕೆ ರೆಸಿನ್ ಅನ್ನುತ್ತಾರಂತೆ ಎಂದ. ಇದರ ಪುಡಿ ಮೂಗಿಗೆ ಹೋಗಬಾರದಂತೆ, ನೀರಿನಲ್ಲಿಟ್ಟೇ ಉಜ್ಜಬೇಕಂತೆ ಎಂದೂ ಓದಿದ. ಮಾರನೆಯ ದಿನ ತಿಪಟೂರಿನಿಂದ ಅದಕ್ಕೆ ಬೇಕಾದ ಮರಳುಕಾಗದ, ವಾಟರ್ ಪೇಪರ್ ತಂದ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವಳು ಬೋಗುಣಿ ಮುಂದಿಟ್ಟುಕೊಂಡು ಉಜ್ಜುತ್ತಿದ್ದಳು. ರಜೆಯ ದಿನ ಅವನು ಕಂಬಕ್ಕೆ ಒರಗಿ ಒಂದೊಂದೇ ಸಾಲು ಓದಿ ಹೇಳುತ್ತಿದ್ದ. ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್ ಮೊದಲ ಸಲ ಹಾಕಿದಾಗ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಯಾಕೆಂದು ವಾರ ತಲೆ ಕೆಡಿಸಿಕೊಂಡರು. ಕೊನೆಗೆ ಅವಳೇ ತನ್ನ ಅಂಗೈ ಮೂಸಿ ನೋಡಿದಳು. ದಿನವೂ ಕೊಬ್ಬರಿ ಮುಟ್ಟುವ ಕೈ, ಎಣ್ಣೆ ಬಿಡುವುದುಂಟೇ? ಎಲ್ಲ ತುಂಡುಗಳನ್ನೂ ಹಬ್ಬದ ಎಣ್ಣೆಸ್ನಾನದ ಮಕ್ಕಳಂತೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಮೊರದಲ್ಲಿ ಹರಡಿ ಒಣಗಿಸಿದಳು. ಆಮೇಲೆ ಬಣ್ಣ ಹಿಡಿಯಿತು.

ಹಾಗೆ ಒಂದು ಭಾನುವಾರ ರೆಕ್ಕೆಯೊಂದನ್ನು ತೊಡೆಯ ಮೇಲಿಟ್ಟು ಕೂತಿದ್ದಾಗ ಬಸವರಾಜಪ್ಪ ಒಳಗೆ ಬಂದ. ಒಲೆ ಹೊತ್ತಿಸಿರಲಿಲ್ಲ, ಹಿಟ್ಟು ರುಬ್ಬಿರಲಿಲ್ಲ. ಭಾವನನ್ನು ಕಂಡು ಅವಳು ಎದ್ದಳು, ಕೈಯಲ್ಲಿ ಬ್ಲೇಡು ಹಾಗೇ ಇತ್ತು. ಹಾಲಸ್ವಾಮಿ ಅದನ್ನು ತನ್ನ ಕೈಗೆ ತೆಗೆದುಕೊಂಡು ಅವಳ ಜಾಗದಲ್ಲಿ ಕೂತ.

“ಇದೇನ್ಲಾ ಇದು?”

“ನಂದು ಕಣಣ್ಣ. ಸುಮ್ಕೆ, ಹೊತ್ತು ಹೋಗ್ಲಿ ಅಂತ.”

ಬಸವರಾಜಪ್ಪ ನಗುತ್ತಾ ಹೋದ. ಸಂಜೆಯೊಳಗೆ ಊರೂ ನಕ್ಕಿತು. ಯಾಕೆ ಹಾಗಂದಿರಿ ಎಂದು ಅವಳು ಕೇಳಿದಳು.

“ನಂಗೆ ಬೈಸ್ಕಂಡು ಅಭ್ಯಾಸ ಐತೆ. ನಿಂಗಿಲ್ಲ. ಯಾವತ್ತು ಬೇಕಾದ್ರೂ ನಂದು ಅಂತ ಹೇಳ್ಕ. ಅಲ್ಲೀಗಂಟ ನನ್ನ ಹೆಸ್ರಲ್ಲಿರ್ಲಿ.”

ಅವಳು ಹೇಳಿಕೊಳ್ಳಲಿಲ್ಲ. ಮಗಳಿಗೂ ಹೇಳಲಿಲ್ಲ. ಹೇಳದಿದ್ದರೆ ಹೋಗಲಿ, ಅರಳಗುಪ್ಪೆಯ ನೆಂಟರ ಮನೆಯಲ್ಲಿ ಹತ್ತು ಜನರ ಮುಂದೆ, ಮಗಳಾದ ಮೇಲೆ ನಂಗೆ ಗಂಡನೂ ಒಂದು ಮಗುವಾಗಿಬಿಟ್ಟ ಎಂದು ತಾನೇ ನಗಿಸಿದಳು. ಅವನೂ ನಕ್ಕ. ಬರುವಾಗ ಬಸ್ಸಿನಲ್ಲಿ, ಮುಂದಿನ ಬಣ್ಣ ಯಾವುದು ತರಲಿ ಎಂದು ಕೇಳಿದ.

*

ದೊಡ್ಡಣ್ಣ ಕೊಟ್ಟಿಗೆಯಿಂದ ಗರಗಸ ತಂದ. ಹೇಗೂ ಮಣ್ಣಿಗೆ ಹೋಗುವುದು, ಎರಡಾಗಿ ಹೋದರೇನು ಎಂದು ಬಸವರಾಜಪ್ಪ ಹೇಳಿದ್ದ. ಬಾಗಿಲು ಪೂರ್ತಿ ಕಟ್ಟಿಹೋಗಿತ್ತು. ಹಿತ್ತಲ ಬಾಗಿಲಿಂದ ತರಲು ಬಸವರಾಜಪ್ಪ ಒಪ್ಪುವವನಲ್ಲ; ಹೆಣ ಒಳಗೆ ಬರಲು ಬೇರೆ ದಾರಿಯಿರಲಿಲ್ಲ. ಜಗಲಿಯಲ್ಲಿ ಇಂಪನಾ ಅಪ್ಪನ ಮೊಣಕಾಲುಗಳನ್ನು ಮಡಿಸಿ, ಬಿಟ್ಟುಕೊಳ್ಳದಂತೆ ಎರಡು ಕೈಯಲ್ಲೂ ಒತ್ತಿ ಹಿಡಿದು ಕೂತಿದ್ದಳು. ಗರಗಸ ಕಂಡು ಅವಳು ಕಣ್ಣು ಮುಚ್ಚಿಕೊಂಡಳು.

ಭೈರಮ್ಮ ಖಾಲಿ ಕೊಡವನ್ನು ಗುರುಸಿದ್ದಮ್ಮನ ಪಕ್ಕ ಇಳಿಸಿದಳು. ದನಿ ತಗ್ಗಿಸುವ ಗೋಜಿಗೆ ಹೋಗಲಿಲ್ಲ.

“ಮಾತಾಡ್ರಮ್ಮಾರೆ. ಯಜಮಾನ್ರು ಇನ್ನ ನಿಮ್ಮುಂದೆ ಬಂದು ನಿಂತ್ಕಳಾಕಿಲ್ಲ.”

ಗುರುಸಿದ್ದಮ್ಮ ಎದ್ದಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮಗಳ ಕಣ್ಣಲ್ಲಿ ಅಪ್ಪನದೆಂದು ಉಳಿದಿದ್ದ ಒಂದೇ ವಸ್ತು ಹೋಗುತ್ತದೆ. ನಾಲ್ಕು ವರ್ಷ ತಾನು ನಗಿಸಿದ್ದು ಯಾವುದಕ್ಕೆ ಎಂಬುದೂ ತಿಳಿಯುತ್ತದೆ. ಹೇಳದಿದ್ದರೆ ಗರಗಸ. ಮೂವತ್ತು ವರ್ಷದ ಹಂಸಗಳ ಜೊತೆ ಇದೂ ಸೇರುತ್ತದೆ.

“ಗರಗಸ ಕೆಳಗಿಡ್ಸಿ ಭಾವ. ಅದು ಅವರ್ದಲ್ಲ. ನಂದು.”

ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ನಿಂತು ಅವಳು ಆಡಿದ ಮೊದಲ ಮಾತು ಅದು. ಬಸವರಾಜಪ್ಪ ಅವಳ ಕಡೆ ತಿರುಗದೆ, ದುಃಖಕ್ಕೆ ಬುದ್ಧಿ ಅಲ್ಲಾಡಿದೆ, ಯಾರಾದರೂ ನೀರು ಕೊಡಿ ಅಂದ. ಹೆಂಗಸರು ತೋಳು ಹಿಡಿದು ಕೂರಿಸಲು ನೋಡಿದರು. ಅವಳು ಕೊಡವಿಕೊಂಡಳು. ಕೊಬ್ಬರಿ ಕೆತ್ತುವವಳಿಗೆ ರಾಕೆಟ್ಟು ಯಾಕೆ ಎಂದು ದೊಡ್ಡಣ್ಣ ಕೇಳಿದ. ಈ ಸಲ ನಗು ಮುಚ್ಚಲು ಯಾರೂ ಕೆಮ್ಮಲಿಲ್ಲ, ನಕ್ಕೇಬಿಟ್ಟರು. ಗಂಡ ಹೋದ ಗಳಿಗೆಯಲ್ಲಿ ಅವನ ಸಾಮಾನಿಗೆ ಕೈ ಹಾಕಿದಳಲ್ಲ ಎಂದು ಮೂಲೆಯಲ್ಲೊಬ್ಬಳು ಮತ್ತೊಬ್ಬಳಿಗೆ ಹೇಳಿದ್ದೂ ಕೇಳಿಸಿತು.

ಮಗಳ ಮಾತೇ ತಡೆಯಲಾಗದ್ದು. ಬಾಗಿಲ ಸಂದಿನಿಂದ, ಜಗಲಿಯಿಂದಲೇ ಬಂತು.

“ಇವತ್ತಾದ್ರೂ ಅಪ್ಪನ್ನ ಬುಡಮ್ಮ. ಇದ್ದಾಗ್ಲೂ ಎಲ್ಲರ ಜೊತೆ ಸೇರ್ಕಂಡು ಆಡ್ಕಂಡೆ. ಈಗ ಅದನ್ನೂ ಕಿತ್ಕಂತೀಯಾ?”

ಗುರುಸಿದ್ದಮ್ಮ ರಾಕೆಟ್ಟಿನ ಪಕ್ಕ ಮಂಡಿಯೂರಿ, ಬಾಲದ ಕೆಳಗೆ ಬೆರಳಾಡಿಸಿದಳು. ಮುರಿದದ್ದು ಈಟಿಯಂಥ ಒಂದು ತೆಳು ಕಡ್ಡಿ ಮಾತ್ರ, ಅದನ್ನು ಸೆರಗಿಗೆ ಕಟ್ಟಿಕೊಂಡಳು. ದೊಡ್ಡ ಭಾಗಗಳಿಗೆ ಅವಳು ಅಂಟು ಹಾಕಿರಲಿಲ್ಲ. ಬಣ್ಣ ಹಾಕಲು ಮತ್ತೆ ಬಿಡಿಸಬೇಕಲ್ಲ ಎಂದು ಹಿತ್ತಾಳೆ ತಂತಿಯ ಗೂಟ ಕೊಟ್ಟು ಕೂರಿಸಿದ್ದಳು. ಸಂದು ಅವಳ ಕಣ್ಣಿಗಲ್ಲದೆ ಬೇರೆಯವರ ಕಣ್ಣಿಗೆ ಬೀಳುವಂತಿರಲಿಲ್ಲ. ಉಗುರಿನಿಂದ ಒಂದು ಗೂಟ ಎಳೆದಳು, ಇನ್ನೊಂದು ಎಳೆದಳು. ಅರ್ಧ ಗಂಟೆಯಿಂದ ನಾಲ್ಕು ಜನಕ್ಕೆ ಜಗ್ಗದ ಬಾಲ ಕಳಚಿಕೊಂಡು ಅವಳ ಮಡಿಲಿಗೆ ಬಂತು.

ಬಾಗಿಲಲ್ಲಿ ಬೆಳಕು ಬಿತ್ತು. ಆಚೆ ಮಗಳ ಮುಖ ಕಂಡಿತು. ಅವಳು ಅಮ್ಮನ ಬೆರಳುಗಳನ್ನೇ ನೋಡುತ್ತಿದ್ದಳು.

“ಹಂಗಾದ್ರೆ ಅಪ್ಪ ಏನ್ಮಾಡ್ತಿದ್ರು?”

“ಓದಿ ಹೇಳ್ತಿದ್ರು. ಬೈಗುಳ ಬಂದ್ರೆ ನನ್ನ ಬದ್ಲು ಬೈಸ್ಕಂತಿದ್ರು.” ಗುರುಸಿದ್ದಮ್ಮ ಮತ್ತೊಂದು ಗೂಟ ಎಳೆದಳು. “ನಾನು ಬೈಸ್ತಿದ್ದೆ.”

ಇಂಪನಾ ಅಪ್ಪನ ಮಡಿಸಿದ ಮೊಣಕಾಲುಗಳ ಮೇಲೆ ಹಣೆ ಇಟ್ಟಳು. ಹಿಡಿದ ಕೈ ಬಿಡಲಿಲ್ಲ.

ಗುರುಸಿದ್ದಮ್ಮ ಬಾಲವನ್ನು ಎತ್ತಿ ಭಾವನ ಕಡೆ ಚಾಚಿದಳು. ಹಿಡಿದುಕೊಳ್ಳಲು ಅವನು ಒಂದೇ ಕೈ ಮುಂದೆ ಮಾಡಿದ.

“ಎರಡೂ ಕೈ ಕೊಡಿ. ಅಂಚು ಮುಟ್ಬೇಡಿ, ಅಡೀಲಿ ಹಿಡೀರಿ. ಕೋಣೆ ಮಂಚದ ಮೇಲಿಡಿ.”

ತಿಪಟೂರಿನ ಮಂಡಿಯಲ್ಲಿ ಬಸವರಾಜಪ್ಪನಿಗೆ ಹೀಗೆ ಮಾಡಿ, ಹಾಗೆ ಹಿಡಿಯಿರಿ ಎಂದು ಹೇಳುವವರಿರಲಿಲ್ಲ. ಅವನು ಸುತ್ತ ನೋಡಿದ. ಕಿಟಕಿಯಿಂದ ಅಯ್ನೋರು ಮತ್ತೆ ಇಣುಕಿದರು. ಅವನು ಎರಡೂ ಅಂಗೈ ಜೋಡಿಸಿ ಬಾಲವನ್ನು ತೆಗೆದುಕೊಂಡು, ತೀರ್ಥದ ಬಟ್ಟಲು ಹಿಡಿದವನಂತೆ ಉಸಿರು ಬಿಗಿಹಿಡಿದು ಕೋಣೆಯ ಕಡೆ ಹೆಜ್ಜೆಯಿಟ್ಟ. ಅವನ ಹಿಂದೆ ಇಬ್ಬರು ಒಂದೊಂದು ರೆಕ್ಕೆ ಹಿಡಿದು ಹೊರಟರು. ದೊಡ್ಡಣ್ಣನಿಗೆ ಮೂತಿ ಸಿಕ್ಕಿತು. ಹುಬ್ಬಿನ ಮೇಲೆ ಕೂತ ನೊಣವನ್ನು ಓಡಿಸಲು ಕೈಯಿಲ್ಲದೆ, ತುಟಿ ಸೊಟ್ಟ ಮಾಡಿ ಮೇಲಕ್ಕೆ ಊದುತ್ತಾ ನಡೆದ. ಮೆಲ್ಲಗೆ, ಹೊಸ್ತಿಲು ನೋಡಿ, ತಗಲಿಸಬೇಡಿ ಎಂದು ಗುರುಸಿದ್ದಮ್ಮ ಕೂತಲ್ಲಿಂದಲೇ ಹೇಳುತ್ತಿದ್ದಳು. ಅವರು ಮೆಲ್ಲಗೆ, ಹೊಸ್ತಿಲು ನೋಡಿ, ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದರು.

ಪಡಸಾಲೆಯ ಗೋಡೆ ಖಾಲಿಯಾಯಿತು. ಬಾಗಿಲು ತೆರವಾಯಿತು. ಆದರೆ ಹಾಲಸ್ವಾಮಿ ಜಗಲಿಯ ಚಾಪೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಕಾಯಬೇಕಾಯಿತು. ಅವನನ್ನು ಎತ್ತಲು ಬಂದಿದ್ದವರಲ್ಲಿ ಒಬ್ಬರ ಕೈಗೂ ಬಿಡುವಿರಲಿಲ್ಲ.