ಬೆನ್ನಲ್ಲಿ ಮುಳ್ಳು ಬಚ್ಚಿಟ್ಟ ಮೀನು

ಕೆರೆ ಮೀನು ಉಜ್ಜೋದನ್ನ ನಮ್ಮ ಬೈರಾಪಟ್ಟಣದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೂದಿ ಹಾಕಿ, ಅಂಗೈಯಲ್ಲಿ ಒತ್ತಿ ಹಿಡಿದು, ಒರಟು ಕಲ್ಲಿನ ಮೇಲೆ ಉಜ್ಜುತ್ತೇವೆ. ಆ ಭಾನುವಾರ ಕಾವೇರಮ್ಮ, ಗಂಡ ಸಂತೆಯಿಂದ ತಂದಿದ್ದ ಹಲವು ಜಾತಿ ಬೆರೆತ ಸಮುದ್ರದ ಮೀನನ್ನೂ ಹಾಗೇ ಉಜ್ಜಲು ಹೋದಳು. ಗೇಣುದ್ದವೂ ಇಲ್ಲದ ಒಂದು ಮೀನನ್ನು ಒತ್ತಿದ್ದೇ ತಡ, "ಅಯ್ಯಯ್ಯೋ!" ಎಂದು ಚೀರಿದಳು.

ಗಂಡ ಬೋರಲಿಂಗಯ್ಯ ಓಡಿಬಂದ. ಹೆಬ್ಬೆರಳ ಬುಡದಲ್ಲಿ ಎರಡು ಹನಿ ರಕ್ತ, ಅಷ್ಟೇ.

"ಸತ್ತ ಮೀನು ಏನ್ ಮಾಡ್ತದೆ ಬುಡಮ್ಮಿ. ಒಸಿ ಸುಣ್ಣ ಹಚ್ಕೊ."

ಹತ್ತು ನಿಮಿಷಕ್ಕೆ ಕೈ ಊದಿತು. ನೋವು ಮೊಣಕೈ ದಾಟಿತು. ಅವಳ ಮೈಯೆಲ್ಲ ಬೆವರು. ಈಗ ಬೋರಲಿಂಗಯ್ಯನಿಗೂ ಜೀವ ಬಾಯಿಗೆ ಬಂತು. ನಂಜು ಮೇಲೇರದಿರಲೆಂದು ಹಗ್ಗ ತಂದು ತೋಳಿಗೆ ಬಿಗಿದ. ಕಾವೇರಮ್ಮನದು ರೇಷ್ಮೆ ನೂಲು ಬಿಚ್ಚುವ ಕೆಲಸ. ಬಿಸಿನೀರಲ್ಲಿ ತೇಲುವ ಗೂಡಿನ ಎಳೆ ಹುಡುಕುವುದು ಆ ಬಲಗೈ ಬೆರಳುಗಳೇ.

"ಬೆರಳೇ ಹೋಗ್ಬುಟ್ರೆ ಏನ್ ಮಾಡ್ಲಿ?" ಎಂದು ಅತ್ತಳು.

ಅಳು ಕೇಳಿ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಸುಚಿತ್ರಾ ಬಂದಳು. ಮೀನಿನ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿ ಮಾತಾಡಿದಳು, 108ಕ್ಕೂ ಫೋನ್ ಮಾಡಿದಳು.

"ಅಣ್ಣ, ಮೊದ್ಲು ಹಗ್ಗ ಬಿಚ್ಚಿ. ಅಕ್ಕ, ಬಳೆ, ಉಂಗುರ ತೆಗೀರಿ."

"ಮುತ್ತೈದೆ ಬರಿಗೈಲಿ ಇರಾದಾ?" ಎಂದಳು ಕಾವೇರಮ್ಮ.

"ಇನ್ನೊಸಿ ಊದಿದ್ರೆ ಅವೇ ಕೈ ಕುಯ್ತವೆ. ಸೋಪು ಹಚ್ಚಿ ತೆಗೀರಿ."

ಸುಚಿತ್ರಾ ಕಡ್ಡಿಯಿಂದ ಮೀನನ್ನು ಹೊರಳಿಸಿ ತೋರಿಸಿದಳು. "ಇದು ಸಮುದ್ರದ ಬಂಡೆ ಸಂದೀಲಿ ಕಲ್ಲಿನಂಗೆ ಅವಿತಿರ್ತದಂತೆ. ನೋಡಿ, ದಪ್ಪ ತಲೆ, ಅಗಲ ಬಾಯಿ, ಕಂದು-ಕೆಂಪು ಮಚ್ಚೆ, ಪಾಚಿಯಂಗೆ ಜೋತಾಡೋ ತೊಗಲು. ಬೆನ್ನಿನ ರೆಕ್ಕೆ ಮಡ್ಚಿದ್ರೆ ಮುಳ್ಳೇ ಕಾಣಕ್ಕಿಲ್ಲ. ಸತ್ರೂ ಮುಳ್ಳಲ್ಲಿ ವಿಷ ಐತೆ. ಕೈನ ಬಿಸಿನೀರಲ್ಲಿ ಇಡ್ಬೇಕು ಅಂದ್ರು ಡಾಕ್ಟ್ರು."

"ದಿನಾ ಬಿಸಿನೀರಲ್ಲೇ ಬೇಯೋ ಕೈ ಕಣವ್ವ ಅದು! ಐಸ್ ಇಡಾನ," ಎಂದ ಬೋರಲಿಂಗಯ್ಯ.

"ಐಸ್ ಬ್ಯಾಡ. ಈ ನೋವು ತಗ್ಗೋದು ಬಿಸಿಗೆ. ಆದ್ರೆ ಸುಡಬಾರ್ದು. ನೊಂದಿರೋ ಕೈಗೆ ಬಿಸಿ ತಿಳಿಯಕ್ಕಿಲ್ಲ, ಇನ್ನೊಂದು ಕೈ ಇಟ್ಟು ನೋಡ್ಬೇಕು."

ಗಾಬರಿಯಲ್ಲಿ ಅವನು ಒಲೆ ಮೇಲಿನ ನೀರನ್ನು ಹಾಗೇ ಎತ್ತಿ ತಂದ. ಕಾವೇರಮ್ಮ ಎಡಗೈ ಹತ್ತಿರ ಒಯ್ದು ಥಟ್ಟನೆ ಹಿಂದಕ್ಕೆಳೆದಳು.

"ಇದು ಗೂಡು ಬೇಯ್ಸೋ ನೀರು! ನೂಲು ಬಿಚ್ಚೋ ನೀರಿನಷ್ಟು ಬಿಸಿ ಸಾಕು. ತಣ್ಣೀರು ಸೇರ್ಸಿ."

ಆ ನೋವಿನಲ್ಲೂ ಅವಳ ಕಸುಬು ಅವಳ ಕೈ ಬಿಡಲಿಲ್ಲ. ಆರಿದಂತೆಲ್ಲ ಬಿಸಿನೀರು ಬೆರೆಸುತ್ತಾ ಕೂತರು. ಆಂಬುಲೆನ್ಸ್ ಬರುವ ಹೊತ್ತಿಗೆ ನೋವು ಅರ್ಧ ಇಳಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಒಳಗೆ ಮುರಿದಿದ್ದ ಮುಳ್ಳಿನ ತುದಿ ತೆಗೆದು, ಟಿಟಿ ಇಂಜೆಕ್ಷನ್ ಹಾಕಿದರು. ನೋವು ತಗ್ಗಿತೆಂದು ಮನೆಯಲ್ಲೇ ಉಳಿದಿದ್ದರೆ ಆ ತುದಿ ಕೊಳೆತು ಬೆರಳಿಗೇ ಅಪಾಯವಾಗುತ್ತಿತ್ತು ಎಂದರು.

ಎರಡು ವಾರದ ಮೇಲೆ ಕಾವೇರಮ್ಮ ಮತ್ತೆ ಕೆಲಸಕ್ಕೆ ಹೋದಳು. ಮೊದಲ ಗೂಡಿನ ಎಳೆ ಸಿಕ್ಕಿದಾಗ ಅತ್ತೇಬಿಟ್ಟಳಂತೆ. ಬೋರಲಿಂಗಯ್ಯ ಈಗ ಸಮುದ್ರದ ಮೀನು ತಂದರೆ, ಕಡ್ಡಿಯಲ್ಲಿ ಒಂದೊಂದನ್ನೇ ಹೊರಳಿಸಿ, ಗುರುತು ಸಿಗದ್ದನ್ನು ಎತ್ತಿಟ್ಟ ಮೇಲೇ ಹೆಂಡತಿಗೆ ಕೊಡುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಗುರುತಿಲ್ಲದ ಮೀನಿನ ಬೆನ್ನು ಒತ್ತಬೇಡಿ. ಮುಳ್ಳು ಚುಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ, ಸುಣ್ಣ ಹಚ್ಚಬೇಡಿ. ಚೆನ್ನಾಗಿರುವ ಕೈ ತಾಳುವಷ್ಟು ಬಿಸಿನೀರಿನಲ್ಲಿಟ್ಟು, ನೋವು ತಗ್ಗಿದರೂ ಸರಿಯೇ, ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮ ಮನೆ ನಡೆಸುವ ಬೆರಳುಗಳು ಅವು.