ಕೌನ್ಸೆಲರ್ ಕೋಣೆಯ ಫೋನು

ಟವಾನಾಳ ಮಗಳನ್ನು ಅವಳಿಂದ ಶಾಶ್ವತವಾಗಿ ಬಿಡಿಸಿ ಬೇರೆಯವರಿಗೆ ಕೊಡಬೇಕೋ ಬೇಡವೋ ಎಂದು ಕೌಂಟಿ ನ್ಯಾಯಾಲಯ ಗುರುವಾರ ಬೆಳಿಗ್ಗೆ ಹತ್ತಕ್ಕೆ ತೀರ್ಮಾನಿಸುವುದಿತ್ತು. ಒಂಬತ್ತೂವರೆಯಾದರೂ ಕೌನ್ಸೆಲರ್ ಕೋಣೆಯ ಬಾಗಿಲು ತೆರೆದಿರಲಿಲ್ಲ.

ಆ ಬಾಗಿಲ ಮುಂದಿನ ನೆಲ ಒರೆಸುವುದು ನನ್ನ ಕೆಲಸ. ಓಹಾಯೋದ ಈ ಹೆಂಗಸರ ಜೈಲಿಗೆ ಕೈದಿಯಾಗಿ ಬಂದು ನನಗೆ ಹನ್ನೊಂದು ವರ್ಷ. ತಲೆ ನರೆತಿದೆ ಎಂದು ಎಲ್ಲರೂ ಗೌರವದಿಂದ ಮಿಸ್ ಓಪಲ್ ಎನ್ನುತ್ತಾರೆ. ನೆಲದ ಮೇಲೆ ಬಳಿದ ಹಳದಿ ಗೆರೆಯ ಈಚೆ, ಬಾಗಿಲ ಬದಿಗೆ, ನಿಲ್ಲಲು ನನಗೆ ಅನುಮತಿಯಿದೆ. ಉಳಿದವರು ಅದನ್ನು ದಾಟಬೇಕಾದರೆ ಹಿಂದಿನ ದಿನ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿಲ್ಲದೆ ದಾಟಿದರೆ ಟಿಕೆಟ್, ಅಂದರೆ ತಪ್ಪು ದಾಖಲಿಸುವ ಚೀಟಿ; ಟಿಕೆಟ್ ಬಿದ್ದರೆ ಒಂಟಿಕೋಣೆ.

ಟವಾನಾಳ ಹೆಸರು ಪಟ್ಟಿಯಲ್ಲಿರಲಿಲ್ಲ. ಅವಳು ಗೆರೆಗೆ ಕಾಲ್ಬೆರಳು ತಾಗಿಸಿಕೊಂಡಂತೆ ನಿಂತಿದ್ದಳು, ಇಪ್ಪತ್ತಾರರ ಹುಡುಗಿ, ಕೈಯಲ್ಲಿ ನಾಲ್ಕು ಮಡಿಕೆಯಾದ ನ್ಯಾಯಾಲಯದ ಕಾಗದ. ಮಗಳು ನೈಲಾಗೆ ಐದು ವರ್ಷ. ಎರಡು ವರ್ಷದಿಂದ ಯಾರದೋ ಮನೆಯಲ್ಲಿ ಬೆಳೆಯುತ್ತಿದೆ. ತಾಯಿ ವಿಚಾರಣೆಗೆ ಫೋನಿನಲ್ಲಿ ಹಾಜರಾಗಬಹುದು, ಹಾಜರಾಗದಿದ್ದರೆ ಅವಳಿಲ್ಲದೆಯೇ ತೀರ್ಪು ಕೊಡಲಾಗುವುದು ಎಂದು ಕಾಗದದಲ್ಲಿತ್ತು. ಕೈದಿಗಳಾದ ನಮಗೆಂದು ಗೋಡೆಗೆ ಹಾಕಿರುವ ಫೋನಿನಿಂದ ಬರುವ ಕರೆಯನ್ನು ನ್ಯಾಯಾಲಯ ತೆಗೆದುಕೊಳ್ಳುವುದಿಲ್ಲ. ಕೌನ್ಸೆಲರ್ ತನ್ನ ಮೇಜಿನ ಫೋನಿನಿಂದ ಮಾಡಿಕೊಡಬೇಕು.

ಹೊರಗೆ ಕೌನ್ಸೆಲರ್ ಎಂಬ ಪದಕ್ಕೆ ಬೇರೆಯೇ ಬೆಲೆ. ನನ್ನ ಮೊಮ್ಮಗನ ಶಾಲೆಯಲ್ಲಿ ಕೌನ್ಸೆಲರ್ ಎಂದರೆ ಅಳುವ ಮಗುವಿನ ಪಕ್ಕ ಕುಳಿತು, ಏನಾಯಿತು ಎಂದು ಕೇಳುವ ಹೆಂಗಸು. ನ್ಯಾಯಾಲಯದಲ್ಲಿ ನ್ಯಾಯಾಧೀಶರು ವಕೀಲರನ್ನು ಗೌರವದಿಂದ ಕರೆಯುವುದೂ ಅದೇ ಹೆಸರಿನಿಂದ. ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಈಜು ಕಲಿಸುವ ಕಾಲೇಜು ಹುಡುಗರೂ ಕೌನ್ಸೆಲರುಗಳೇ. ಇಲ್ಲಿಗೆ ಹೊಸದಾಗಿ ಬಂದವರು ಬಾಗಿಲ ಮೇಲಿನ ಫಲಕ ಓದಿ, ಸದ್ಯ ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಬ್ಬರಿದ್ದಾರಲ್ಲ ಎಂದುಕೊಳ್ಳುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಗೊತ್ತಾಗುತ್ತದೆ. ನಿನ್ನನ್ನು ನೋಡಲು ಯಾರು ಬರಬಹುದು, ನೀನು ಯಾರಿಗೆ ಫೋನು ಮಾಡಬಹುದು, ಯಾವ ಕೆಲಸ, ಯಾವ ಮಂಚ, ಎಲ್ಲ ಬರೆಯುವ ಕೈ ಅದು. ಬಿಡುಗಡೆ ಮಂಡಳಿಗೆ ನಿನ್ನ ನಡತೆಯ ವರದಿ ಬರೆಯುವುದೂ ಅದೇ ಕೈ. ಸಲಹೆ ಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

ನಮ್ಮ ಕೌನ್ಸೆಲರ್ ಮಿಸ್ಟರ್ ಕೊವಾಲ್. ಬೈಯುವುದಿಲ್ಲ, ಹೊಡೆಯುವುದಿಲ್ಲ. ಸುಮ್ಮನಿರುತ್ತಾನೆ. ಅದಕ್ಕೇ ನಮಗೆ ಅವನೆಂದರೆ ಹೆಚ್ಚು ಭಯ.

ಒಂಬತ್ತು ನಲವತ್ತಕ್ಕೆ ಕೊವಾಲ್ ಕಾಫಿ ಹಿಡಿದು ಬಂದ. ಗೆರೆಯ ಆಚೆ ನಿಂತವಳನ್ನು ನೋಡಿಯೂ ನೋಡದಂತೆ ಒಳಗೆ ಹೋಗಿ ಬಾಗಿಲೆಳೆದುಕೊಂಡ. ಮೂರು ವಾರದಲ್ಲಿ ಮೂರು ಕೋರಿಕೆ ಚೀಟಿ ಹಾಕಿದ್ದೇನೆ, ಒಂದಕ್ಕೂ ಉತ್ತರವಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ನಂತರ ಗಡಿಯಾರದ ಕಡೆ ನೋಡುತ್ತ ಕೇಳಿದಳು.

"ಮಿಸ್ ಓಪಲ್, ನೀವೊಂದು ಸಲ ಬಾಗಿಲು ತಟ್ತೀರಾ? ನಾನು ತಟ್ಟೋ ಹಾಗಿಲ್ಲ."

ನನ್ನ ಬಿಡುಗಡೆಯ ವಿಚಾರಣೆ ಮೇ ತಿಂಗಳಲ್ಲಿ ಮಂಡಳಿಯ ಮುಂದೆ ಬರುವುದಿತ್ತು. ನನ್ನ ವರದಿಯನ್ನು ಕೊವಾಲ್ ಇನ್ನೂ ಬರೆದಿರಲಿಲ್ಲ. ನೆಲ ಒಂದು ಸಲ ಒರೆಸಿದೆ, ಒರೆಸಿದ್ದನ್ನೇ ಇನ್ನೊಂದು ಸಲ ಒರೆಸಿದೆ. ಆಮೇಲೆ ತಟ್ಟಿದೆ.

ಕೊವಾಲ್ ಅರ್ಧ ಬಾಗಿಲು ತೆರೆದ. ಟವಾನಾಗೆ ಹತ್ತಕ್ಕೆ ನ್ಯಾಯಾಲಯದ ಕರೆ ಇದೆ ಎಂದು ಹೇಳಿದೆ. ಪಟ್ಟಿಯಲ್ಲಿ ಹೆಸರಿಲ್ಲವಲ್ಲ ಎಂದ.

"ಪಟ್ಟಿ ಬರೆಯೋರು ನೀವೇ ಅಲ್ವಾ, ಸರ್?"

ಅವನು ಸಿಟ್ಟಾಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದ.

"ನಿನ್ನ ಮಂಡಳಿ ಯಾವಾಗ, ಓಪಲ್?"

"ಮೇನಲ್ಲಿ, ಸರ್."

"ಹಂಗಾದ್ರೆ ನೆಲ ಒರೆಸು."

ನಾನು ಒರೆಸಿದೆ. ಹೇಡಿ ಎಂದು ಬರೆದುಕೊಳ್ಳುವವರು ಬರೆದುಕೊಳ್ಳಲಿ, ಹನ್ನೊಂದು ವರ್ಷ ಹೀಗೆಯೇ ಬಗ್ಗಿ ಬಗ್ಗಿ ಬದುಕಿದವಳು ನಾನು. ಟವಾನಾಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ನಿಂತಲ್ಲೇ ಲೆಕ್ಕ ಹಾಕುತ್ತಿದ್ದಳೆಂದು ನನಗೆ ಗೊತ್ತು. ದಾಟಿದರೆ ಟಿಕೆಟ್ಟು. ಆ ಟಿಕೆಟ್ಟು ಅವಳ ಕಡತಕ್ಕೆ ಹೋಗಿ, ನೋಡಿ, ನಿಯಮ ಪಾಲಿಸದ ತಾಯಿ ಎಂದು ಅದೇ ನ್ಯಾಯಾಲಯದಲ್ಲಿ ಓದಲಾಗುತ್ತದೆ. ದಾಟದಿದ್ದರೆ, ಕರೆಯನ್ನೂ ಮಾಡದ ತಾಯಿ. ಎರಡು ಬಾಯಿಯ ಬೋನು. ಇದನ್ನು ಕಟ್ಟಿದವರು ಮೂರ್ಖರಲ್ಲ.

ಹತ್ತು ಹೊಡೆಯಿತು. ಹತ್ತು ಮೂರು. ಹತ್ತು ನಾಲ್ಕಕ್ಕೆ ಟವಾನಾ ಗೆರೆ ದಾಟಿದಳು.

ನನ್ನ ಪಕ್ಕದಿಂದಲೇ ಹೋಗಿ ಬಾಗಿಲು ತಳ್ಳಿ, ಎರಡೂ ಅಂಗೈ ಬಿಚ್ಚಿ ಕಾಣುವಂತೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಕೊವಾಲ್ ಎದ್ದು ನಿಂತ, ಕೈ ಸೊಂಟದ ರೇಡಿಯೊ ಮೇಲೆ.

"ಟಿಕೆಟ್ ಬರೀರಿ ಸರ್," ಎಂದಳು. "ಬರೀತಾ ಬರೀತಾನೇ ಫೋನೂ ಮಾಡಿ."

ಅವನು ರೇಡಿಯೊ ಎತ್ತಿ ಕಾವಲಿನವರನ್ನು ಕರೆದ. ಅವರು ಮೇಲಿನ ಅಂತಸ್ತಿನಿಂದ ಬರಬೇಕು, ನಾಲ್ಕೈದು ನಿಮಿಷ. ಟವಾನಾ ಅಷ್ಟರಲ್ಲಿ ಕಾಗದ ಬಿಡಿಸಿ ಮೇಜಿನ ಮೇಲಿಟ್ಟಳು. ಮೂಲೆಯಲ್ಲಿ ನೀಲಿ ಮುದ್ರೆ: ಸ್ವೀಕರಿಸಲಾಗಿದೆ. ಮೂರು ವಾರದ ಹಿಂದಿನ ತಾರೀಕು, ಕೆಳಗೆ ಕೊವಾಲ್‌ನ ಸಹಿ; ವಿಚಾರಣೆಯ ವಿಷಯ ಅವನಿಗೆ ಆಗಲೇ ಗೊತ್ತಿತ್ತು.

ಆಗ ನಾನು ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿದೆ.

"ಹತ್ತು ಗಂಟೆ ಐದು ನಿಮಿಷ ಸರ್," ಎಂದೆ. "ಮುದ್ರೆ ನಾನೂ ನೋಡಿದೆ. ಯಾರಾದ್ರೂ ಕೇಳಿದ್ರೆ ನೋಡಿದ್ದು ನೋಡಿದೆ ಅಂತೀನಿ."

ಮನುಷ್ಯರಿಗೆ ಹೆದರದವರು ಕಾಗದಕ್ಕೆ ಹೆದರುತ್ತಾರೆ. ಕೊವಾಲ್ ಮುದ್ರೆಯತ್ತ ಇನ್ನೊಮ್ಮೆ ನೋಡಿದ. ನಂತರ ಕುಳಿತು ನಂಬರು ಒತ್ತಿ ಸ್ಪೀಕರ್ ಹಾಕಿದ.

ಯಾರೋ ಗುಮಾಸ್ತೆ ಕಾಯಲು ಹೇಳಿ, ಒಂದು ಮಾತೂ ಕೇಳದೆ ನಮ್ಮನ್ನು ವಿಚಾರಣೆಯ ನಡುವೆಯೇ ಸೇರಿಸಿಬಿಟ್ಟಳು. ನಾವು ಕೇಳುತ್ತಿದ್ದೇವೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ನ್ಯಾಯಾಧೀಶೆಯ ಧ್ವನಿ ಬಂತು: ಕೌನ್ಸೆಲರ್, ನಿಮ್ಮ ಕಕ್ಷಿದಾರಳು ಎಲ್ಲಿ? ಟವಾನಾಳ ಪರವಾಗಿ ಸರ್ಕಾರ ನೇಮಿಸಿದ್ದ ವಕೀಲ ಕಾಗದ ತಿರುವುತ್ತ ಹೇಳಿದ.

"ಆಕೆ ಸಂಪರ್ಕಕ್ಕೆ ಸಿಕ್ಕಿಲ್ಲ ಮೇಡಂ. ಆಸಕ್ತಿ ಇದ್ದ ಹಾಗೆ ಕಾಣಲ್ಲ."

ಟವಾನಾ ಆ ಮನುಷ್ಯನನ್ನು ಒಮ್ಮೆಯೂ ಕಂಡಿರಲಿಲ್ಲ. ಅವನಿಗೆ ಐದು ಪತ್ರ ಬರೆದಿದ್ದಳು. ಫೋನಿನ ಮೇಲೆ ಬಾಗಿದಳು.

"ನಾನಿಲ್ಲೇ ಇದೀನಿ," ಎಂದಳು. "ನಾನು ನೈಲಾ ಅಮ್ಮ. ಇಲ್ಲೇ ಇದೀನಿ."

ಫೋನಿನಲ್ಲಿ ಯಾರು ಬೇಕಾದರೂ ಮಾತಾಡಬಹುದು, ಈಕೆ ಅವಳೇ ಎಂದು ಜೈಲಿನ ಸಿಬ್ಬಂದಿ ಯಾರಾದರೂ ಹೇಳಬೇಕು ಎಂದರು ನ್ಯಾಯಾಧೀಶೆ. ಟವಾನಾ ಕೊವಾಲ್‌ನತ್ತ ತಿರುಗಿದಳು. ನಾನೂ ತಿರುಗಿದೆ. ಹೊರಗೆ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಅವನು ಕಾಫಿಯ ಲೋಟವನ್ನು ಮೇಜಿನ ಮೇಲೆ ಅತ್ತಿಂದಿತ್ತ ಸರಿಸಿದ. ಅವನೊಂದು ಮಾತು ಆಡದಿದ್ದರೆ ಆ ಮಗುವಿಗೆ ತಾಯಿಯಿಲ್ಲ. ಇಷ್ಟು ದೊಡ್ಡ ಅಧಿಕಾರವನ್ನು ಇಷ್ಟು ಸಣ್ಣ ಮನುಷ್ಯನ ಬಾಯಿಯಲ್ಲಿ ಇಟ್ಟವರು ಯಾರೆಂದು ನಾನು ಇಂದಿಗೂ ಕೇಳುತ್ತಿದ್ದೇನೆ.

"ಅವಳೇ," ಎಂದ ಕೊನೆಗೆ. ಅವಳ ಕೈದಿ ಸಂಖ್ಯೆ ಓದಿ ಹೇಳಿದ.

ನ್ಯಾಯಾಧೀಶೆ ವಿಚಾರಣೆಯನ್ನು ಆರು ವಾರ ಮುಂದಕ್ಕೆ ಹಾಕಿದರು, ಏಪ್ರಿಲ್ ಹದಿನೇಳು. ಅಷ್ಟರೊಳಗೆ ಕಕ್ಷಿದಾರಳ ಜೊತೆ ಮಾತಾಡಿ ಎಂದು ವಕೀಲನಿಗೆ ಹೇಳಿದರು. ಖಂಡಿತ ಮೇಡಂ ಎಂದ. ಎಲ್ಲಿಗೆ, ಯಾವಾಗ ಎಂದು ಕೇಳುವ ಮೊದಲೇ ಕರೆ ಕಡಿದುಹೋಯಿತು.

ಇಬ್ಬರು ಕಾವಲಿನವರು ಒಳಗೆ ಬಂದರು. ಕೊವಾಲ್ ಆಗಲೇ ಟಿಕೆಟ್ ಬರೆಯುತ್ತಿದ್ದ. ಅದರ ಕೆಳಗಿನಿಂದ ಇನ್ನೊಂದು ಟಿಕೆಟ್ ಹಾಳೆ ಎಳೆದುಕೊಂಡು, ನನ್ನ ಹೆಸರಿನ ಅಕ್ಷರ ಕೇಳಿದ. ಒಂದೊಂದಾಗಿ ಹೇಳಿದೆ.

ಟವಾನಾ ಬೇಡಿಗೆ ಕೈ ಒಡ್ಡಿದಳು. ಒಂಟಿಕೋಣೆಯಲ್ಲಿ ಕ್ಯಾಲೆಂಡರ್ ಇರುವುದಿಲ್ಲ, ಪಟ್ಟಿ ಅಂಟಿಸುವ ಗೋಡೆಯೂ ಇಲ್ಲ. ಮತ್ತೆ ಫೋನು ಮಾಡಿಕೊಡಬೇಕಾದವನು ಇದೇ ಮನುಷ್ಯ. ಬಾಗಿಲಲ್ಲಿ ಅವಳು ಕತ್ತು ತಿರುಗಿಸಿದಳು. ಕಣ್ಣಿನಲ್ಲಿ ನೀರಿರಲಿಲ್ಲ, ಭಯ ಮಾತ್ರ ಇತ್ತು.

"ತಾರೀಕು ನೆನಪಿಟ್ಕೊಳ್ಳಿ, ಮಿಸ್ ಓಪಲ್. ಆ ದಿನ ನಾನು ಒಂಟಿಕೋಣೇಲೇ ಇದ್ರೆ ನೀವು ಕೂಗಿ ಹೇಳ್ಬೇಕು."

"ಏಪ್ರಿಲ್ ಹದಿನೇಳು," ಎಂದೆ.

"ಇನ್ನೊಂದ್ಸಲ ಹೇಳಿ."

ಅವಳನ್ನು ಮೆಟ್ಟಿಲವರೆಗೆ ಎಳೆದುಕೊಂಡು ಹೋಗುವ ತನಕ ಹೇಳುತ್ತಲೇ ಇದ್ದೆ.